ಬೈಯುವ ಹಕ್ಕು ಪಡೆಯಲು ಸಾವಿರ ಬೀಜ

ನನ್ನ ಹತ್ತಿರ ಆಪ್ತಸಲಹೆಗೆ ಒಂದು ಥರದವರು ಈಚೆಗೆ ಜಾಸ್ತಿ ಬರುತ್ತಿದ್ದಾರೆ. ಮೂವತ್ತರ ಆಸುಪಾಸು, ಕೆಲಸ ಇದೆ, ಸಂಸಾರ ಇದೆ. ಮನೆಯವರು ‘ಗೇಮ್ ಚಟ’ ಅಂತ ಕರೆದುಕೊಂಡು ಬರುತ್ತಾರೆ. ಮಾತಾಡಿಸಿದರೆ, ಆಡುವವರಿಗೇ ಆ ಗೇಮ್ ಕಂಡರೆ ಆಗುವುದಿಲ್ಲ! ಆದರೂ ಬಿಡುವುದಿಲ್ಲ. ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ.

ಇವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. 2017ರಲ್ಲಿ ಬಂದ, ಜೆಲ್ಡಾ ಅನ್ನುವ ವಿಡಿಯೋ ಗೇಮ್ ಸರಣಿಯ ‘ಬ್ರೆತ್ ಆಫ್ ದ ವೈಲ್ಡ್’ ಅಂದರೆ ಪ್ರಾಣ. ಅದರ ಮುಂದಿನ ಭಾಗ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ 2023ರ ಮೇ ತಿಂಗಳಲ್ಲಿ ಬಂತು. ಆರು ವರ್ಷ ಕಾದಿದ್ದರು. ನೋಡಿದರೆ ಅದೇ ಹೈರೂಲ್ ನಾಡು, ಅವೇ ಬೆಟ್ಟ, ಅವೇ ಊರು. ಮೇಲೆ ತೇಲುವ ದ್ವೀಪ, ಕೆಳಗೆ ಕತ್ತಲ ಪಾತಾಳ ಸೇರಿಸಿದ್ದರು, ನಿಜ. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಇವರಿಗೆ ಮಾತ್ರ ಮೊದಲ ಸಲದ ಆ ಬೆರಗು ಹುಟ್ಟಲೇ ಇಲ್ಲ.

ಕಥೆ ಮುಗಿಸಿದ ಮೇಲೆ ತೊಂದರೆ ಶುರುವಾಯಿತು. ಈ ಗೇಮ್‌ನಲ್ಲಿ ಕೊನೆಯ ಶತ್ರುವನ್ನು ಸೋಲಿಸಿದ ಮೇಲೆ, ಎಷ್ಟು ಪರ್ಸೆಂಟ್ ಆಗಿದೆ ಅಂತ ನಕ್ಷೆ ತೋರಿಸತೊಡಗುತ್ತದೆ. ಹುಡುಕಬೇಕಾದ್ದು 152 ಗುಡಿ, ನಾಡಿನ ತುಂಬ ಇರುವ ಕೊರೊಕ್ ಅನ್ನುವ ಪುಟ್ಟ ಜೀವಿಗಳು ಕೊಡುವ 1000 ಬೀಜ. ಶನಿವಾರ ಭಾನುವಾರ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ನಕ್ಷೆ ತೆರೆದಿಟ್ಟು ಒಂದೊಂದೇ ಟಿಕ್ ಹಾಕುವುದು. “ಆಫೀಸ್ ಕೆಲಸದಲ್ಲೂ ಟಿಕ್ ಹಾಕೋದೇ, ಮನೇಲೂ ಅದೇ ಮೇಡಂ. ಇವರ ಮುಖ ನೋಡೋಕಾಗಲ್ಲ” ಅಂದರು ಹೆಂಡತಿ.

ಎರಡನೇ ಭೇಟಿಯಲ್ಲಿ ಸುಮ್ನೆ ಕೇಳಿದೆ: “ಹಿಂದಿನ ಗೇಮ್‌ನಲ್ಲೂ ಹೀಗೇ ಎಲ್ಲಾ ಬೀಜ ಹುಡುಕಿದ್ರಾ?”

“ಹೂಂ, 900. ಲಾಕ್‌ಡೌನ್‌ನಲ್ಲಿ.”

“ಏನು ಕೊಟ್ಟರು?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಚಿನ್ನದ ಬಣ್ಣದ್ದು... ಕಕ್ಕ ಥರ ಇರುತ್ತೆ ಮೇಡಂ.” ಅವತ್ತೇ ಅವರು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು.

ತಯಾರಕರದ್ದೇ ತಮಾಷೆ ಅದು. ಆ ಗೇಮ್‌ನಲ್ಲಿ ಬೀಜ ಕೊಟ್ಟರೆ ಆಯುಧ ಇಡುವ ಚೀಲ ದೊಡ್ಡದಾಗುತ್ತದೆ, ಅದು ಪೂರ್ತಿ ದೊಡ್ಡದಾಗಲು 441 ಬೀಜ ಸಾಕು. ಉಳಿದವು ನೀವು ಯಾವ ಕಡೆ ಅಲೆದರೂ ಒಂದಿಷ್ಟು ಸಿಗಲಿ ಅಂತ ಚೆಲ್ಲಿದ ಹಾಗಿವೆ. ಇದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. “ಹಾಗಾದರೆ ಈ ಸಲ ಯಾಕೆ?” ಅಂದೆ.

“ನನಗೆ ಇದು ಇಷ್ಟ ಆಗಿಲ್ಲ ಮೇಡಂ. ಆದ್ರೆ ನೂರು ಪರ್ಸೆಂಟ್ ಮಾಡದೆ ಹಾಗಂದ್ರೆ ಫ್ರೆಂಡ್ಸ್ ‘ನೀನು ಸರಿಯಾಗಿ ಆಡೇ ಇಲ್ಲ’ ಅಂತಾರೆ. ಪೂರ್ತಿ ಮಾಡಿದ್ರೆ ಬೈಯೋಕೆ ಹಕ್ಕಿರುತ್ತೆ.”

ಸಾರಿಗೆ ಉಪ್ಪು ಜಾಸ್ತಿ ಅನ್ನೋಕೆ ಪಾತ್ರೆ ಖಾಲಿ ಮಾಡಬೇಕಾ ಅಂತ ಕೇಳಿದೆ. ಉತ್ತರ ಬರಲಿಲ್ಲ. ಆಮೇಲೆ, ಆರು ವರ್ಷ ಕಾದಿದ್ದು ದಂಡ ಆಯ್ತು ಅಂತ ಒಪ್ಪಿಕೊಳ್ಳೋಕೆ ಆಗ್ತಿಲ್ಲ ಅಂದರು. ಪರ್ಸೆಂಟ್ ಏರುತ್ತಿದ್ದರೆ ಆ ಮಾತನ್ನು ಮುಂದೂಡಬಹುದು, ಅಲ್ವಾ?

ಕೊಟ್ಟ ಸಲಹೆ ಇಷ್ಟೇ. ಟಿಕ್ ಹಾಕುವ ನಕ್ಷೆ ಬಂದ್. ಗೇಮ್‌ನಲ್ಲಿ ಏನೇನು ಇಷ್ಟವಾಗಲಿಲ್ಲ ಅಂತ ಒಂದು ಪುಟ ಬರೆಯಿರಿ, ನ್ಯಾಯವಾಗಿ ಬರೆಯಬೇಕಾಗಿಲ್ಲ. ಅದನ್ನು ಯಾರಿಗಾದರೂ ಓದಿ ಹೇಳಿ. ಆಮೇಲೂ ಆಡಬೇಕು ಅನ್ನಿಸಿದರೆ, ನಕ್ಷೆಯಿಲ್ಲದೆ ಅಲೆಯಿರಿ.

ಗೇಮ್ ಆಡುವ ಯಂತ್ರ ‘ಸ್ವಿಚ್’ ಅನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಬೇಕಿತ್ತು ಅಂತ ಅವರ ಹೆಂಡತಿಗೆ ಬೇಸರ. ನನ್ನ ಜೊತೆ ಕೆಲಸ ಮಾಡುವವರೂ ಹಾಗೇ ಅಂದರು. ನಾನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಕಾಯಿಲೆ ಇದೆ, 2022ರಿಂದ ಜಾರಿಯಲ್ಲೂ ಇದೆ. ಆದರೆ ಅದಕ್ಕೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಬದುಕು ಕೆಡುತ್ತಿದ್ದರೂ ನಿಲ್ಲಿಸದಿರಬೇಕು, ಸಾಮಾನ್ಯವಾಗಿ ಒಂದು ವರ್ಷವಾದರೂ ಹೀಗೆ ನಡೆದಿರಬೇಕು. ಅಂಥವರನ್ನು ನಾನೇ ಮೊಬೈಲ್, ಗೇಮ್ ಚಟಕ್ಕೆ ಚಿಕಿತ್ಸೆ ಕೊಡುವ ನಿಮ್ಹಾನ್ಸ್‌ನ ಷಟ್ ಕ್ಲಿನಿಕ್‌ಗೆ ಕಳಿಸುತ್ತೇನೆ. ಇವರು ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದರು, ಆಫೀಸ್ ತಪ್ಪಿಸಿರಲಿಲ್ಲ. ಬೀಗ ಹಾಕಿದ್ದರೆ, ಮುಗಿಯದ ಪರ್ಸೆಂಟಿನ ಜೊತೆಗೆ ಹೆಂಡತಿಯ ಮೇಲೆ ಸಿಟ್ಟೂ ಸೇರುತ್ತಿತ್ತು.

ಒಂದು ಪುಟ ಅಂದಿದ್ದೆ, ನಾಲ್ಕು ಬರೆದರು. ಹೆಂಡತಿಗೇ ಓದಿ ಹೇಳಿದರಂತೆ. ಅರ್ಧ ಅರ್ಥವಾಗಲಿಲ್ಲ, ಆದರೆ ಇಷ್ಟು ಮಾತಾಡಿ ಎಷ್ಟೋ ದಿನವಾಗಿತ್ತು ಅಂದರು ಆಕೆ. ಬೀಜ ಹುಡುಕುವುದು ನಿಂತಿದೆ. ಮುಂದಿನ ಜೆಲ್ಡಾವನ್ನು ಮೊದಲ ದಿನವೇ ಕೊಳ್ಳುವುದಿಲ್ಲ ಅಂತಲೂ ಹೇಳಿದ್ದಾರೆ. ಅದನ್ನು ಮಾತ್ರ ನಾನು ನಂಬಿಲ್ಲ.