'ಡಾರ್ಕ್ ಸೈಡ್ ಆಫ್ ದಿ ಮೂನ್': ಫೋನಿನಲ್ಲಿ ಹಾಡುಗಳ ನಡುವೆ ಗ್ಯಾಪ್ ಬರುತ್ತಿದ್ದರೆ

ಈ ಆಲ್ಬಮ್‌ನ ಸಿಡಿಯಿಂದ ಫೋನಿಗೆ ಹಾಕಿಕೊಂಡ ಹಾಡುಗಳ ನಡುವೆ ಗ್ಯಾಪ್ ಬರುತ್ತಿದೆ, ಸಿಡಿಯೇ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನಿಮ್ಮ ಸಿಡಿ ಚೆನ್ನಾಗಿಯೇ ಇದೆ, ತೊಂದರೆ ಬಹುಶಃ ಅದರಿಂದ ಮಾಡಿಕೊಂಡ ಎಂಪಿ3 ಫೈಲುಗಳದ್ದು. ಪಿಂಕ್ ಫ್ಲಾಯ್ಡ್‌ನ ಈ 1973ರ ಆಲ್ಬಮ್‌ನಲ್ಲಿ ಹಾಡುಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ, ಆದರೆ ಎಂಪಿ3 ಮಾಡುವಾಗ ಪ್ರತಿ ಫೈಲಿನ ಆಚೆ ಈಚೆ ಒಂಚೂರು ಮೌನ ಸೇರಿಕೊಳ್ಳುತ್ತದೆ. ಬೇರೆ ಆಲ್ಬಮ್‌ಗಳಲ್ಲಿ ಅದು ಗೊತ್ತೇ ಆಗುವುದಿಲ್ಲ. ಇಲ್ಲಿ 'ಸ್ಪೀಕ್ ಟು ಮಿ'ಯ ಕೊನೆಯ ಕಿರುಚಾಟ 'ಬ್ರೀದ್'ಗೆ ಜಾರುವ ಜಾಗದಲ್ಲೇ ಟಕ್ ಅಂತ ಕಡಿಯುತ್ತದೆ, ಮಜಾನೇ ಹೋಗುತ್ತದೆ ಅಲ್ವಾ.

ಮೊದಲು ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ 'ಗ್ಯಾಪ್‌ಲೆಸ್' (ಹಾಡುಗಳ ನಡುವೆ ಗ್ಯಾಪ್ ಬಿಡದಿರುವುದು) ಆನ್ ಮಾಡಿ, 'ಕ್ರಾಸ್‌ಫೇಡ್' (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿನ ಜೊತೆ ಬೆರೆಸುವುದು) ಸೊನ್ನೆಗೆ ಇಳಿಸಿ. ಯಾವ ಆ್ಯಪ್ ಅಂತ ನೀವು ಬರೆದಿಲ್ಲ, ಹೆಸರು ಸ್ವಲ್ಪ ಬೇರೆ ಇರಬಹುದು. ಬ್ಲೂಟೂತ್ ಬಿಟ್ಟು ಒಮ್ಮೆ ವೈರ್ ಇಯರ್‌ಫೋನಿನಲ್ಲೂ ಕೇಳಿ ನೋಡಿ.

ಆಗಲೂ ಕಡಿದರೆ ಸಿಡಿಯನ್ನು ಮತ್ತೆ ರಿಪ್ ಮಾಡಿ, ಅಂದರೆ ಅದರ ಹಾಡುಗಳನ್ನು ಕಂಪ್ಯೂಟರಿಗೆ ಫೈಲುಗಳಾಗಿ ಇಳಿಸಿಕೊಳ್ಳಿ, ಈ ಸಲ ಫ್ಲಾಕ್‌ಗೆ (ಧ್ವನಿಯಲ್ಲಿ ಏನೂ ಕಳೆಯದ, ಮೌನ ಸೇರಿಸದ ಫೈಲ್ ಬಗೆ). ವಿಂಡೋಸ್‌ನಲ್ಲಿ 'ಎಕ್ಸಾಕ್ಟ್ ಆಡಿಯೋ ಕಾಪಿ' ಅನ್ನೋ ಸಾಫ್ಟ್‌ವೇರ್ ಸಾಕು. ಈಗಿರುವ ಎಂಪಿ3ಯನ್ನೇ ಫ್ಲಾಕ್ ಮಾಡಬೇಡಿ, ಆ ಮೌನವೂ ಜೊತೆಗೇ ಬರುತ್ತದೆ, ಸುಮ್ನೆ ಜಾಗ ಜಾಸ್ತಿ ತಿನ್ನುತ್ತದೆ ಅಷ್ಟೆ. ಬೀಟಲ್ಸ್‌ನ 'ಆ್ಯಬಿ ರೋಡ್'ನ ಎರಡನೇ ಬದಿಯ (ಎಲ್‌ಪಿ ತಟ್ಟೆಯ ಲೆಕ್ಕದಲ್ಲಿ) ಹಾಡುಗಳು ಅಥವಾ ಐರನ್ ಮೇಡನ್‌ನ 'ಲೈವ್ ಆಫ್ಟರ್ ಡೆತ್' ಥರದ ಲೈವ್ ಆಲ್ಬಮ್‌ಗಳಿದ್ದರೆ ಅವನ್ನೂ ಹೀಗೇ ಮಾಡಿಕೊಳ್ಳಿ, ಇಲ್ಲದಿದ್ದರೆ ಲೈವ್ ಆಲ್ಬಮ್‌ನಲ್ಲಿ ಜನರ ಚಪ್ಪಾಳೆ ನಡುವೆಯೇ ಕಟ್ ಆಗುತ್ತದೆ.

ಪ್ಲೇಯರ್ ಗ್ಯಾಪ್‌ಲೆಸ್ ಮಾಡುವುದೇ ಇಲ್ಲ ಅಂದರೆ ಇಡೀ ಆಲ್ಬಮ್ಮನ್ನು ಒಂದೇ ಫೈಲಾಗಿ ರಿಪ್ ಮಾಡಿ. ಬೇಕಾದ ಹಾಡಿಗೆ ನೇರ ಹಾರುವುದು ಕಷ್ಟ, ಆದರೆ ಈ ಆಲ್ಬಮ್‌ನಲ್ಲಿ ಹಾಡು ಹಾರಿಸುವವರು ಯಾರಿದ್ದಾರೆ!