ಟಾಹೋಗೆ ಹೊರಟಿದ್ದೀರಾ? ಮೊದಲು ಟೈರ್ ನೋಡಿ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ಮೈಸೂರಿನಿಂದ ಅಪ್ಪ, ಅಮ್ಮ ಬಂದಿದ್ದಾರೆ. ಜನವರಿಯ ಲಾಂಗ್ ವೀಕೆಂಡಿಗೆ ಎಲ್ಲರೂ ಟಾಹೋ ಸರೋವರದ ಕಡೆ, ಟ್ರಕೀ ಊರಿನ ಹತ್ತಿರದ ಸ್ಕೀ ರೆಸಾರ್ಟಿಗೆ ಹೋಗೋಣ ಅಂತಿದ್ದೇವೆ. ನಮ್ಮದು ಕ್ಯಾಮ್ರಿ, ಫ್ರಂಟ್ ವೀಲ್ ಡ್ರೈವ್. ಸ್ನೇಹಿತರು ‘ಸುಮ್ನೆ ಎಸ್‌ಯುವಿ ಬಾಡಿಗೆಗೆ ತಗೊಳ್ಳಿ’ ಅನ್ನುತ್ತಾರೆ. ನಮ್ಮ ಕಾರು ಆಗುವುದಿಲ್ಲವೇ? ಏನೇನು ಸಿದ್ಧತೆ ಬೇಕು?

ಉತ್ತರ: ಧಾರಾಳವಾಗಿ ಆಗುತ್ತದೆ. ಬಾಡಿಗೆ ಗಾಡಿ ತಗೊಳ್ಳುವ ಮುಂಚೆ ಕರಾರುಪತ್ರ ಓದಿ. ಬಹಳಷ್ಟು ಕಡೆ ಟೈರಿಗೆ ಚೈನ್, ಅಂದರೆ ಹಿಮದಲ್ಲಿ ಜಾರದಂತೆ ಸುತ್ತುವ ಸರಪಳಿ, ಹಾಕಕೂಡದು ಅಂತ ಅದರಲ್ಲೇ ಬರೆದಿರುತ್ತಾರೆ. ರಸ್ತೆಯಲ್ಲಿ ನಿಂತ ಹೆದ್ದಾರಿ ಸಿಬ್ಬಂದಿ ‘ಚೈನ್ ಹಾಕಿ’ ಅಂದರೆ, ಗಾಡಿ ಕೊಟ್ಟವರು ‘ಹಾಕಬೇಡಿ’ ಅಂದಿದ್ದರೆ ಏನು ಮಾಡುತ್ತೀರಿ? ಇನ್ನು ನೋಡಲು ದೊಡ್ಡದಾದ ಎಸ್‌ಯುವಿಗಳಲ್ಲೂ ಎರಡೇ ಚಕ್ರಕ್ಕೆ ಡ್ರೈವ್ (ಎಂಜಿನ್ನಿನ ಶಕ್ತಿ) ಇರುವವು ಬೇಕಾದಷ್ಟಿವೆ.

ನಿಮ್ಮ ದಾರಿ ಐ-80 ಹೆದ್ದಾರಿ. ಅದು ಡಾನರ್ ಸಮಿಟ್ ಎಂಬ ಬೆಟ್ಟದ ನೆತ್ತಿಯಲ್ಲಿ 7,239 ಅಡಿ ಎತ್ತರಕ್ಕೆ ಏರುತ್ತದೆ. ಅಪ್ಪನಿಗೆ ಹೇಳಿ, ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು 900 ಅಡಿ ಎತ್ತರದಲ್ಲಿ ಹೆದ್ದಾರಿ ಹಾದುಹೋಗುತ್ತದೆ ಅಂತ. ನಿಮ್ಮ ಬೇ ಏರಿಯಾದಲ್ಲಿ ಸ್ವೆಟರ್ ಸಾಕಾಗುವ ದಿನ ಅಲ್ಲಿ ಮೊಣಕಾಲುದ್ದ ಹಿಮ ಬಿದ್ದಿರಬಹುದು. ‘ಕಿಂಗ್‌ವೇಲ್‌ನಿಂದ ಡಾನರ್ ಲೇಕ್ ಇಂಟರ್‌ಚೇಂಜ್‌ವರೆಗೆ ಚೈನ್ ಕಂಟ್ರೋಲ್’ ಎಂಬ ಪ್ರಕಟಣೆ ಹಿಮ ಸುರಿದಾಗಲೆಲ್ಲ ಕೇಳಿಬರುತ್ತದೆ. ಯಾವ ಗಾಡಿಗೆ ಚೈನ್ ಬೇಕು ಎಂದು ಹೇಳುವ ಈ ನಿಯಂತ್ರಣದಲ್ಲಿ ಮೂರು ಹಂತ. ಆರ್-1 ಇದ್ದಾಗ, ಡ್ರೈವ್ ಇರುವ ಚಕ್ರಗಳಿಗೆ ಹಿಮದ ಟೈರ್ ಇದ್ದರೆ ನಿಮ್ಮಂಥ ಕಾರು ಚೈನ್ ಹಾಕದೆ ಹೋಗಬಹುದು, ಆದರೆ ಚೈನ್ ಡಿಕ್ಕಿಯಲ್ಲಿ ಇರಲೇಬೇಕು. ಆರ್-2 ಬಂತೋ, ನೀವು ಚೈನ್ ಹಾಕಲೇಬೇಕು. ಆರ್-3 ಅಂದರೆ ಯಾರಿಗೂ ವಿನಾಯಿತಿ ಇಲ್ಲ. ಆ ಹಂತ ಮುಟ್ಟುವ ಮೊದಲೇ ಹೆಚ್ಚಾಗಿ ರಸ್ತೆಯನ್ನೇ ಮುಚ್ಚಿಬಿಡುತ್ತಾರೆ.

ಹಾಗಾಗಿ ಈಗಲೇ ಹೋಗಿ ಟೈರ್ ನೋಡಿ. ಪಕ್ಕದಲ್ಲಿ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಅಂತ ಅಚ್ಚಾಗಿದ್ದರೆ ಕ್ಯಾಲಿಫೋರ್ನಿಯಾದ ಲೆಕ್ಕಕ್ಕೆ ಅದು ಹಿಮದ ಟೈರ್. ಆದರೆ ಟೈರಿನ ಮೇಲ್ಮೈಯ ತೋಡಿನ ಆಳ ಕನಿಷ್ಠ ಇಂಚಿನ 32ರಲ್ಲಿ 6 ಭಾಗ, ಅಂದರೆ ಸುಮಾರು 5 ಮಿಲಿಮೀಟರ್, ಉಳಿದಿರಬೇಕು. ನನ್ನ ಕೇಳಿದರೆ, ಬರೀ ಎಂ ಪ್ಲಸ್ ಎಸ್ ಅಚ್ಚನ್ನು ಜಾಸ್ತಿ ನಂಬಬೇಡಿ. ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು, ಈ ಗುರುತು ಇರುವ ಟೈರ್‌ಗಳನ್ನು ಮಾತ್ರ ಹಿಮದ ಮೇಲೆ ಪರೀಕ್ಷೆ ಮಾಡಿರುತ್ತಾರೆ. ಹೇಗೂ ಟೈರ್ ಬದಲಿಸುವ ಹೊತ್ತು ಬಂದಿದ್ದರೆ ಅದನ್ನೇ ಹಾಕಿಸಿ. ಗಾಳಿಯನ್ನೂ ನೋಡಿಕೊಳ್ಳಿ. ಉಷ್ಣಾಂಶ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಕಮ್ಮಿಯಾಗುತ್ತದೆ. ಮೇಲೆ ಹೋದಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಳ್ಳುವುದು ಹೆಚ್ಚಾಗಿ ಇದಕ್ಕೇ. ಹಾಗಂತ ಹಿಡಿತ ಸಿಗಲಿ ಅಂತ ಬೇಕೆಂದೇ ಗಾಳಿ ಇಳಿಸಬೇಡಿ.

ಈಗ ಚೈನ್ ವಿಷಯ. ಟೈರಿನ ಪಕ್ಕದಲ್ಲಿ 215/55 ಆರ್ 17 ಎಂಬಂಥ ಅಳತೆ ಬರೆದಿರುತ್ತದೆ. ಅದಕ್ಕೆ ಸರಿಹೊಂದುವುದನ್ನೇ ಊರಲ್ಲೇ ಕೊಳ್ಳಿ. ಬೆಟ್ಟದ ದಾರಿಯ ಅಂಗಡಿಯಲ್ಲಿ ಬೆಲೆಯೂ ಜಾಸ್ತಿ, ನಿಮ್ಮ ಅಳತೆ ಸಿಗುವ ಭರವಸೆಯೂ ಇಲ್ಲ. ಕಾರಿನ ಕೈಪಿಡಿಯನ್ನೂ ತಿರುವಿ ನೋಡಿ. ಕೆಲವು ಕಾರುಗಳಲ್ಲಿ ಟೈರಿಗೂ ಅದರ ಮೇಲಿನ ಕಾರಿನ ಭಾಗಕ್ಕೂ ನಡುವೆ ಜಾಗ ಕಮ್ಮಿ. ಅಂಥವಕ್ಕೆ ದಪ್ಪ ಸರಪಳಿ ಆಗದು, ತೆಳ್ಳಗಿನ ಕೇಬಲ್ ಬೇಕು.

ತಂದ ದಿನವೇ ಮನೆ ಮುಂದೆ ಒಮ್ಮೆ ಹಾಕಿ ನೋಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಜನ ಮಾಡುವುದಿಲ್ಲ! ಕೇಬಲ್ ಆದರೆ ಮೊದಲು ಸಿಕ್ಕು ಬಿಡಿಸಿ ನೆಲದ ಮೇಲೆ ಹರಡಿ. ಮುಂದಿನ ಚಕ್ರದ ಮೇಲೆ ಹೊದಿಸಿ, ಕೈಯನ್ನು ಟೈರಿನ ಹಿಂದಕ್ಕೆ ತೂರಿಸಿ ಒಳಬದಿಯ ಕೊಕ್ಕೆ ಸಿಕ್ಕಿಸಿ. ಕಷ್ಟ ಇರುವುದು ಇಲ್ಲೇ, ಕಣ್ಣಿಗೆ ಕಾಣುವುದಿಲ್ಲ, ಬೆರಳಿನ ಅಂದಾಜಿನಲ್ಲೇ ಹಾಕಬೇಕು. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿಟ್ಟರೆ ಕೈಯಾಡಲು ಜಾಗ ಸಿಗುತ್ತದೆ. ಆಮೇಲೆ ಹೊರಬದಿಯ ಕೊಕ್ಕೆ, ಅದರ ಮೇಲೆ ರಬ್ಬರ್ ಬಿಗಿಪಟ್ಟಿ. ಸ್ವಲ್ಪ ದೂರ ಮೆಲ್ಲಗೆ ಓಡಿಸಿ, ಇಳಿದು ಮತ್ತೆ ಬಿಗಿ ಮಾಡಿ. ಮನೆ ಮುಂದಿನ ಬಿಸಿಲಲ್ಲೇ ಇದು ತಿಣುಕಾಟ. ರಾತ್ರಿ, ಗಾಳಿ, ಪಕ್ಕದಲ್ಲಿ ಲಾರಿಗಳು, ಮರಗಟ್ಟಿದ ಕೈ ಇವೆಲ್ಲ ಸೇರಿದರೆ? ನೀರು ಹಿಡಿಯದ ಕೈಗವಸು, ತಲೆಗೆ ಕಟ್ಟುವ ಟಾರ್ಚು, ಮೊಣಕಾಲೂರಲು ಹಳೇ ಚಾಪೆ ಡಿಕ್ಕಿಯಲ್ಲಿ ಲಗೇಜಿನ ಮೇಲೇ ಇರಲಿ.

ಹಾಕಲು ಆಗಲೇ ಇಲ್ಲವೇ? ರಸ್ತೆ ಬದಿಯಲ್ಲಿ ದುಡ್ಡು ತಗೊಂಡು ಹಾಕಿಕೊಡುವವರು ಇರುತ್ತಾರೆ. ಪರವಾನಗಿ ಇರುವವರ ಅಂಗಿಯ ಮೇಲೆ ನಂಬರಿನ ಬಿಲ್ಲೆ ಇರುತ್ತದೆ, ಆ ನಂಬರ್ ಬರೆದಿಟ್ಟುಕೊಳ್ಳಿ. ಅವರು ಚೈನ್ ಮಾರುವಂತಿಲ್ಲ, ಅದು ನಿಮ್ಮದೇ ಆಗಬೇಕು. ಚೈನ್ ಹಾಕಿದ ಮೇಲೆ ಗಂಟೆಗೆ 25ರಿಂದ 30 ಮೈಲಿಯೇ ಮಿತಿ. ನಿಯಂತ್ರಣ ಮುಗಿಯಿತು ಎಂಬ ಫಲಕ ಕಂಡ ಮೇಲೆ, ಗಾಡಿ ನಿಲ್ಲಿಸಲು ಸುರಕ್ಷಿತ ಜಾಗ ನೋಡಿ ಬಿಚ್ಚಿ. ಬರೀ ಟಾರಿನ ಮೇಲೆ ಓಡಿಸಿದರೆ ಚೈನ್ ಹರಿದು ಮಡ್‌ಗಾರ್ಡಿಗೆ ಬಡಿಯುತ್ತದೆ.

ಉಳಿದದ್ದು ಸಣ್ಣಪುಟ್ಟ ಕೆಲಸ. ಗಾಜು ತೊಳೆಯುವ ಡಬ್ಬಿಗೆ ನೀರು ತುಂಬಿಸಿದ್ದರೆ ಖಾಲಿ ಮಾಡಿ, ಹೆಪ್ಪುಗಟ್ಟದ ದ್ರವ ಹಾಕಿ. ಬ್ಯಾಟರಿ ಹಳೆಯದಾಗಿದ್ದರೆ ಪರೀಕ್ಷೆ ಮಾಡಿಸಿ, ಚಳಿಯಲ್ಲಿ ಅದರ ಶಕ್ತಿ ಕುಂದುತ್ತದೆ. ಎಂಜಿನ್ ತಣಿಸುವ ಕೂಲೆಂಟ್ ನೀರಿನ ಜೊತೆ ಅರ್ಧಕ್ಕರ್ಧ ಮಿಶ್ರಣ ಇದ್ದರೆ ಟಾಹೋ ಚಳಿಗೆ ಸಾಕು. ಪೆಟ್ರೋಲನ್ನು ಸ್ಯಾಕ್ರಮೆಂಟೋ ದಾಟಿದ ಮೇಲೆ ಪೂರ್ತಿ ತುಂಬಿಸಿ. ಅಪಘಾತವಾಗಿ ದಾರಿ ನಿಂತರೆ ಗಂಟೆಗಟ್ಟಲೆ ಹೀಟರ್ ಹಾಕಿಕೊಂಡು ಕೂರಬೇಕಾದೀತು. ಹಾಗೆ ಕೂತಾಗ ಹೊಗೆ ಕೊಳವೆ ಹಿಮದಲ್ಲಿ ಹೂತಿಲ್ಲ ತಾನೇ ಎಂದು ಆಗಾಗ ಇಳಿದು ನೋಡಿ, ಇಲ್ಲವಾದರೆ ವಿಷಾನಿಲ ಕಾರಿನೊಳಗೆ ಬರಬಹುದು. ಅಮ್ಮ ಕಟ್ಟಿಕೊಡುವ ಚಪಾತಿ, ಚಿತ್ರಾನ್ನವನ್ನು ಬೇಡ ಅನ್ನಬೇಡಿ. ಕಂಬಳಿ, ನೀರು, ದಿನದ ಮಾತ್ರೆಗಳು ಕೈಗೆ ಸಿಗುವಂತಿರಲಿ.

ಹೊರಡುವ ಮುನ್ನ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ರಸ್ತೆ ಸ್ಥಿತಿ ತೋರಿಸುವ ಕ್ವಿಕ್‌ಮ್ಯಾಪ್ ನೋಡಿ. ಹೆದ್ದಾರಿ ಮುಚ್ಚಿದಾಗ ಫೋನಿನ ನಕ್ಷೆ ಯಾವುದೋ ಒಳದಾರಿ ತೋರಿಸಿದರೆ ನಂಬಬೇಡಿ, ಅಲ್ಲಿ ಹಿಮ ತೆಗೆಯುವ ಗಾಡಿ ಬಂದೇ ಇರುವುದಿಲ್ಲ.

ಪ್ರಶ್ನೆ: ನಮ್ಮದು ಆಲ್ ವೀಲ್ ಡ್ರೈವ್. ಚೈನ್ ಕೊಳ್ಳುವುದು ದಂಡ ಅಲ್ವಾ?

ಉತ್ತರ: ದಂಡ ಅಲ್ಲ. ಆರ್-2 ಇದ್ದಾಗ ನಾಲ್ಕೂ ಹಿಮದ ಟೈರ್ ಇದ್ದರೆ ನಿಮ್ಮನ್ನು ಹಾಗೇ ಬಿಡುತ್ತಾರೆ, ಆದರೆ ಗಾಡಿಯಲ್ಲಿ ಚೈನ್ ಇರಬೇಕೆಂಬ ನಿಯಮ ನಿಮಗೂ ಇದೆ. ಇನ್ನೊಂದು ವಿಷಯ. ನಾಲ್ಕು ಚಕ್ರದ ಡ್ರೈವ್ ನಿಮ್ಮನ್ನು ಏರು ಹತ್ತಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಇಳಿಜಾರಿನಲ್ಲಿ ನಿಮಗೂ ಕ್ಯಾಮ್ರಿಯವರಿಗೂ ವ್ಯತ್ಯಾಸ ಟೈರ್ ಒಂದೇ. ಮುಂದಿನ ಗಾಡಿಯಿಂದ ಊರಲ್ಲಿ ಬಿಡುವುದರ ಎರಡು ಮೂರು ಪಟ್ಟು ಅಂತರ ಬಿಡಿ.

ಪ್ರಶ್ನೆ: ರೆಸಾರ್ಟಿನಲ್ಲಿ ರಾತ್ರಿಯಿಡೀ ಕಾರು ಹೊರಗೇ ನಿಲ್ಲುತ್ತದೆ. ಬೆಳಗ್ಗೆ ಗಾಜಿಗೆ ಬಿಸಿನೀರು ಸುರಿಯಬಹುದಾ?

ಉತ್ತರ: ಬೇಡವೇ ಬೇಡ, ಗಾಜು ಸೀಳುತ್ತದೆ. ರಾತ್ರಿಯೇ ವೈಪರ್ ಎತ್ತಿ ನಿಲ್ಲಿಸಿ. ಸಮತಟ್ಟು ಜಾಗವಾದರೆ ಗೇರ್ ಪಿಯಲ್ಲಿ ಇಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟಿರಿ, ಒದ್ದೆಯಾದ ಬ್ರೇಕ್ ಹೆಪ್ಪುಗಟ್ಟಿ ಅಂಟಿಕೊಳ್ಳಬಹುದು. ಬೆಳಗ್ಗೆ ಹೊಗೆ ಕೊಳವೆಯ ಸುತ್ತ ಹಿಮ ತೆಗೆದು ಎಂಜಿನ್ ಹಚ್ಚಿ, ಡಿಫ್ರಾಸ್ಟ್ ಹಾಕಿ, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಒಳಗೆ ಮಂಜು ಕಟ್ಟಿದರೆ ಎಸಿಯನ್ನೂ ಹಾಕಿ, ರೀಸರ್ಕ್ಯುಲೇಷನ್ ಬಂದ್ ಮಾಡಿ. ಚಾವಣಿಯ ಮೇಲಿನ ಹಿಮವನ್ನೂ ಪೂರ್ತಿ ಗುಡಿಸಿ ಹಾಕಿ. ಹಾಗೇ ಹೊರಟರೆ ಮೊದಲ ಬ್ರೇಕಿಗೇ ಅಷ್ಟೂ ಜಾರಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ.