64 ಎಂಬಿಯಲ್ಲಿ ಸಂಸಾರ ಹೂಡುವುದು

ಪ್ರಶ್ನೆ: ಉಷ್ಣಾಂಶ, ತೇವಾಂಶ ಅಳೆದು ನಿಮಿಷಕ್ಕೊಮ್ಮೆ ದಾಖಲಿಸುವ ಪುಟ್ಟ ಸಾಧನ ಮಾಡುತ್ತಿದ್ದೇನೆ. ಬೋರ್ಡ್‌ನಲ್ಲಿ 64 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್ (ಕಾಯಂ ಸಂಗ್ರಹ) ಇದೆ, ಲಿನಕ್ಸ್ ಓಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಪೈಥಾನ್, ಒಂದು ವೆಬ್ ಫ್ರೇಮ್‌ವರ್ಕ್, ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸಿ ಎಲ್ಲ ಬರೆದಾಗಿದೆ. ಬೋರ್ಡ್‌ಗೆ ಹಾಕಲು ಹೋದರೆ ಜಾಗವೇ ಸಾಲುತ್ತಿಲ್ಲ. ಗ್ರಾಫ್ ತೋರಿಸುವ ಒಂದು ಪುಟ, ಗಂಟೆಗೊಮ್ಮೆ ಸರ್ವರ್‌ಗೆ ಡೇಟಾ ಕಳಿಸುವುದು, ಇಷ್ಟೇ ಕೆಲಸ. ಹಗುರವಾದ ಸಾಫ್ಟ್‌ವೇರ್ ಯಾವುದನ್ನು ಆರಿಸಲಿ?

ಉತ್ತರ: ಹೆಸರುಗಳನ್ನು ಹೇಳುವ ಮೊದಲು ಒಂದು ಲೆಕ್ಕ ಹಾಕೋಣ. ನಿಮಿಷಕ್ಕೊಂದು ದಾಖಲೆ ಅಂದರೆ ದಿನಕ್ಕೆ 1,440. ಸಮಯ, ಉಷ್ಣಾಂಶ, ತೇವಾಂಶವನ್ನು ಪಠ್ಯವಾಗಿ ಬರೆದರೆ ಸಾಲಿಗೆ ಸುಮಾರು 40 ಬೈಟ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 21 ಎಂಬಿ ಆಯಿತು. ನಿಮ್ಮ ಫ್ಲ್ಯಾಶ್ ಇರುವುದೇ 16! ಅದನ್ನೇ ಸಮಯಕ್ಕೆ 4 ಬೈಟ್, ಎರಡು ಅಳತೆಗಳಿಗೆ ತಲಾ 2 ಬೈಟ್ ಎಂದು ಬೈನರಿಯಲ್ಲಿ ಇಟ್ಟರೆ ದಾಖಲೆಗೆ 8 ಬೈಟ್ ಸಾಕು, ವರ್ಷಕ್ಕೆ 4.2 ಎಂಬಿ. ಯಾವ ಟೂಲ್ ಬದಲಾಯಿಸಿದರೂ ಇಷ್ಟು ಉಳಿತಾಯ ಆಗುತ್ತಿರಲಿಲ್ಲ.

ಇನ್ನು ಎಸ್‌ಕ್ಯೂಲೈಟ್. ಇಡೀ ಲೈಬ್ರರಿ 1 ಎಂಬಿಯೊಳಗೇ ಮುಗಿಯುತ್ತದೆ, ಗಾತ್ರದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದು ಬರೆಯುವ ರೀತಿಯ ಬಗ್ಗೆ. ಒಂದೊಂದೇ ದಾಖಲೆಯನ್ನು ಸೇರಿಸುತ್ತ ಹೋದರೆ ಪ್ರತಿಯೊಂದೂ ಪ್ರತ್ಯೇಕ ಟ್ರಾನ್ಸಾಕ್ಷನ್. ಮೊದಲು ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾದ ಜರ್ನಲ್ ಫೈಲ್ ಬರೆಯಬೇಕು, ಆಮೇಲೆ ಡೇಟಾಬೇಸ್‌ನ ಪುಟ ಬರೆಯಬೇಕು, ಕೊನೆಗೆ ಜರ್ನಲ್ ಅಳಿಸಬೇಕು. ಪುಟದ ಗಾತ್ರ ಸಾಮಾನ್ಯವಾಗಿ 4,096 ಬೈಟ್. ನಿಮ್ಮ 8 ಬೈಟಿಗಾಗಿ ಫ್ಲ್ಯಾಶ್ ಇಷ್ಟೆಲ್ಲ ಒದ್ದಾಡುತ್ತದೆ, ಅದೂ ದಿನಕ್ಕೆ 1,440 ಬಾರಿ. ಇಂಥ ಬೋರ್ಡ್‌ಗಳಲ್ಲಿರುವ ನಾರ್ ಎಂಬ ಬಗೆಯ ಫ್ಲ್ಯಾಶ್‌ನ ಒಂದು ಬ್ಲಾಕ್ ಸುಮಾರು 1 ಲಕ್ಷ ಸಲ ಅಳಿಸಿ ಬರೆಯುವುದನ್ನು ತಡೆದೀತು, ಅದಕ್ಕಿಂತ ಹೆಚ್ಚಿನ ಭರವಸೆ ಬೇಡ. ಹಾಗಾಗಿ ದಾಖಲೆಗಳನ್ನು ರ‍್ಯಾಮ್‌ನಲ್ಲಿ ಕೂಡಿಟ್ಟು ಗಂಟೆಗೊಮ್ಮೆ 60ನ್ನು ಒಟ್ಟಿಗೆ ಬರೆಯಿರಿ. ಕರೆಂಟ್ ಹೋದರೆ ಹೆಚ್ಚೆಂದರೆ ಒಂದು ಗಂಟೆಯ ಅಳತೆ ಹೋಗುತ್ತದೆ. ಅದು ನಡೆಯುತ್ತದೋ ಇಲ್ಲವೋ ನೀವೇ ಹೇಳಬೇಕು. ನಡೆಯುವುದಾದರೆ ನಿಮಗೆ ಡೇಟಾಬೇಸೇ ಬೇಡ, ದಿನಕ್ಕೊಂದು ಬೈನರಿ ಫೈಲ್ ಸಾಕು. ಸಿಸ್ಟಂ ಭಾಗ ಓದಲಿಕ್ಕಷ್ಟೇ ಇರುವ ಸ್ಕ್ವಾಶ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿರಲಿ, ಡೇಟಾ ಬರೆಯುವ ಭಾಗ ಫ್ಲ್ಯಾಶ್‌ಗೆಂದೇ ಮಾಡಿದ ಜೆಎಫ್‌ಎಫ್‌ಎಸ್2ನಲ್ಲಿರಲಿ.

ವೆಬ್ ಸರ್ವರ್ ಹುಡುಕಬೇಡಿ, ಅದು ಆಗಲೇ ನಿಮ್ಮ ಬೋರ್ಡ್‌ನಲ್ಲಿ ಇದ್ದೀತು. ಹಲವು ಲಿನಕ್ಸ್ ಕಮಾಂಡ್‌ಗಳನ್ನು ಒಂದರಲ್ಲೇ ಅಡಗಿಸಿಟ್ಟ ಬ್ಯುಸಿಬಾಕ್ಸ್ ಇಂಥ ಬೋರ್ಡ್‌ಗಳಲ್ಲಿ ಸಾಮಾನ್ಯ. ಅದು ಹುಟ್ಟಿದ್ದು 1995ರಲ್ಲಿ. ಡೆಬಿಯನ್ ಲಿನಕ್ಸ್ ಇನ್‌ಸ್ಟಾಲ್ ಮಾಡುವ ವ್ಯವಸ್ಥೆಯನ್ನು ಒಂದೇ ಫ್ಲಾಪಿಯಲ್ಲಿ ಹಿಡಿಸಲು ಬ್ರೂಸ್ ಪೆರೆನ್ಸ್ ಬರೆದದ್ದು. ಒಂದೇ ಪ್ರೋಗ್ರಾಂ, ಕರೆದ ಹೆಸರಿಗೆ ತಕ್ಕ ವೇಷ. ಫೈಲ್ ಪಟ್ಟಿ ಕೊಡುವ ಎಲ್‌ಎಸ್ ಎಂದು ಕರೆದರೆ ಎಲ್‌ಎಸ್, ಪಠ್ಯ ಹುಡುಕುವ ಗ್ರೆಪ್ ಎಂದರೆ ಗ್ರೆಪ್. ಅದರೊಳಗೆ ಸಿಜಿಐ (ಪುಟ ಕೇಳಿದಾಗ ಸ್ಕ್ರಿಪ್ಟ್ ಓಡಿಸುವ ವಿಧಾನ) ನಡೆಸಬಲ್ಲ ಎಚ್‌ಟಿಟಿಪಿಡಿ ಎಂಬ ಪುಟ್ಟ ವೆಬ್ ಸರ್ವರ್ ಕೂಡ ಇದೆ. ಗ್ರಾಫ್ ಬಿಡಿಸುವ ಕೆಲಸವನ್ನು ನೋಡುವವರ ಬ್ರೌಸರ್‌ಗೆ ಹೊರಿಸಿ, ಬೋರ್ಡ್ ಬರಿ ಅಂಕಿಗಳನ್ನು ಕೊಡಲಿ.

ಭಾಷೆ? ಪೈಥಾನ್ ಇಂಟರ್‌ಪ್ರೆಟರ್ ಎದ್ದು ಕೂರುವುದಕ್ಕೇ ಹೆಚ್ಚುಕಡಿಮೆ 10 ಎಂಬಿ ರ‍್ಯಾಮ್ ಬೇಕು, ಫ್ರೇಮ್‌ವರ್ಕ್ ಸೇರಿದರೆ ಅದರ ಹಲವು ಪಟ್ಟು. ಲುವಾ ಎಂಬ ಪುಟ್ಟ ಭಾಷೆ ಒಟ್ಟಾರೆ ಕೆಲವು ನೂರು ಕೆಬಿಯಲ್ಲಿ ಮುಗಿಯುತ್ತದೆ, ಪೈಥಾನ್ ಬಲ್ಲವರಿಗೆ ಕಲಿಯುವುದೂ ಕಷ್ಟವಲ್ಲ. ಸಿ ಗೊತ್ತಿದ್ದರೆ ಸಿ. ನಿಮ್ಮ ಕೆಲಸಕ್ಕೆ ನಾನಾಗಿದ್ದರೆ ಸೆನ್ಸರ್ ಓದುವ ಭಾಗವನ್ನು ಸಿಯಲ್ಲಿ, ಉಳಿದದ್ದನ್ನು ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆಯುತ್ತಿದ್ದೆ.

ಒಂದು ಎಚ್ಚರಿಕೆ. ಪ್ರೋಗ್ರಾಂ ಫೈಲ್ 40 ಕೆಬಿ ಇದೆ ಎಂದು ಖುಷಿಪಡಬೇಡಿ. ಒಬ್ಬರನ್ನು ಕರೆದರೆ ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬರುವವರಿರುತ್ತಾರಲ್ಲ, ಹಾಗೆ ಅದು ಗೂಢಲಿಪಿಗೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನಂಥ ಹಲವು ಎಂಬಿಯ ಲೈಬ್ರರಿಯನ್ನು ಎಳೆದು ತಂದೀತು. ಎಲ್‌ಡಿಡಿ ಕಮಾಂಡ್ ಕೊಟ್ಟು ಯಾರ‍್ಯಾರು ಜೊತೆಗೆ ಬರುತ್ತಾರೆ ನೋಡಿ. ಸರ್ವರ್‌ಗೆ ಎಚ್‌ಟಿಟಿಪಿಎಸ್‌ನಲ್ಲಿ ಕಳಿಸಲು ಎಂಬೆಡ್‌ಟಿಎಲ್‌ಎಸ್ ಎಂಬ ಚಿಕ್ಕ ಗೂಢಲಿಪಿ ಲೈಬ್ರರಿಯ ಜೊತೆ ಕಟ್ಟಿದ ಕರ್ಲ್ ಎಂಬ ಡೇಟಾ ಕಳಿಸುವ ಪ್ರೋಗ್ರಾಂ ಸಾಕು. ಹೇಗೂ ಬ್ಯುಸಿಬಾಕ್ಸ್‌ನ ಡೌನ್‌ಲೋಡ್ ಕಮಾಂಡ್ ವಿಗೆಟ್ ಇದೆಯಲ್ಲ ಎಂದು ಅದನ್ನೇ ಬಳಸಬೇಡಿ. ಅದರ ಸ್ವಂತ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಭದ್ರತೆಯ ಪದರ), ಸರ್ವರ್‌ನ ಪ್ರಮಾಣಪತ್ರವನ್ನು ಪರಿಶೀಲಿಸುವುದಿಲ್ಲ, ಆಚೆ ಕಡೆ ಯಾರಿದ್ದರೂ ಅದಕ್ಕೆ ಒಂದೇ. ಪ್ರಮಾಣಪತ್ರಕ್ಕೆ ಅವಧಿ ಇರುವುದರಿಂದ, ಅದನ್ನು ಪರಿಶೀಲಿಸುವ ಕರ್ಲ್‌ಗೆ ಸರಿಯಾದ ಸಮಯ ಬೇಕು. ಬ್ಯಾಟರಿ ಗಡಿಯಾರವಿಲ್ಲದ ಬೋರ್ಡ್ ಬೂಟ್ ಆದಾಗ 1970ರಲ್ಲಿ ಇರುವ ಸಾಧ್ಯತೆ ಇದೆ, ಆದ್ದರಿಂದ ಮೊದಲು ಇಂಟರ್ನೆಟ್‌ನಿಂದ ಸಮಯ ಹೊಂದಿಸುವ ಎನ್‌ಟಿಪಿ ಓಡಲಿ.

ಕೊನೆಯದಾಗಿ ನನ್ನದೇ ಒಂದು ಪೆದ್ದುತನ. ಹೀಗೇ ಕಟ್ಟಿದ ಸಾಧನವೊಂದು ಒಂಬತ್ತು ದಿನ ಸರಿಯಾಗಿದ್ದು ಹತ್ತನೆಯ ದಿನ ತಾನಾಗಿ ಸುಮ್ಮನಾಗುತ್ತಿತ್ತು. ರೀಬೂಟ್ ಮಾಡಿದರೆ ಮತ್ತೆ ಒಂಬತ್ತು ದಿನ. ಪ್ರೋಗ್ರಾಂನಲ್ಲಿ ಮೆಮೊರಿ ಸೋರಿಕೆ ಇದೆಯೆಂದು ಎರಡು ವಾರ ಕೋಡ್ ಜಾಲಾಡಿದೆ. ಸೋರಿಕೆ ಎಲ್ಲೂ ಇರಲಿಲ್ಲ. ಫ್ಲ್ಯಾಶ್ ಸವೆಯದಿರಲಿ ಎಂದು ಲಾಗ್ ಫೈಲನ್ನು ಟೆಂಪ್ ಡೈರೆಕ್ಟರಿಗೆ ಹಾಕಿದ್ದೆ. ಅದು ಟೆಂಪ್‌ಎಫ್‌ಎಸ್, ಅಂದರೆ ರ‍್ಯಾಮೇ. ಮಿತಿ ಹಾಕದಿದ್ದರೆ ರ‍್ಯಾಮಿನ ಅರ್ಧದಷ್ಟನ್ನು ಅದು ನುಂಗಬಲ್ಲದು. ಲಾಗ್ ಬೆಳೆದು ಬೆಳೆದು ಮೆಮೊರಿ ಮುಗಿದಾಗ ಕರ್ನೆಲ್ ನನ್ನ ಪ್ರೋಗ್ರಾಂ ಅನ್ನೇ ಕೊಂದು ಹಾಕುತ್ತಿತ್ತು. ಲಾಗ್ ಬರೆಯುವ ಬ್ಯುಸಿಬಾಕ್ಸ್‌ನ ಸಿಸ್‌ಲಾಗ್‌ಡಿಗೆ ವೃತ್ತಾಕಾರದ ಬಫರ್ ಆಯ್ಕೆ ಇದೆ. ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತದೆ, ಲಾಗ್‌ರೀಡ್ ಕಮಾಂಡ್‌ನಿಂದ ಓದಬಹುದು. ಅದನ್ನೇ ಬಳಸಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಓಡುವ ನನ್ನ ಸ್ಕ್ರಿಪ್ಟ್ ಬೋರ್ಡ್‌ನಲ್ಲಿ ‘ನಾಟ್ ಫೌಂಡ್’ ಅನ್ನುತ್ತದೆ. ಡೌನ್‌ಲೋಡ್ ಮಾಡಿದ ಇನ್ನೊಂದು ಪ್ರೋಗ್ರಾಂ ಕೂಡ ಹಾಗೇ. ಫೈಲ್ ಕಣ್ಣೆದುರೇ ಇದೆಯಲ್ಲ?

ಉತ್ತರ: ಸಿಗುತ್ತಿಲ್ಲ ಅನ್ನುತ್ತಿರುವುದು ನಿಮ್ಮ ಫೈಲನ್ನಲ್ಲ, ಅದನ್ನು ಓಡಿಸಬೇಕಾದವರನ್ನು. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಎಂಬ ಶೆಲ್‌ನ ಹೆಸರಿರುತ್ತದೆ, ಬೋರ್ಡ್‌ನಲ್ಲಿರುವುದು ಬ್ಯುಸಿಬಾಕ್ಸ್‌ನ ಆಶ್ ಎಂಬ ಚಿಕ್ಕ ಶೆಲ್. ಸಾಲನ್ನು ತಿದ್ದಿದರೂ ಬ್ಯಾಶ್‌ನ ಅರೇಗಳು ಅಲ್ಲಿ ನಡೆಯುವುದಿಲ್ಲ. ಗ್ರೆಪ್‌ಗೆ ಪರ್ಲ್ ಶೈಲಿಯ ಪ್ಯಾಟರ್ನ್ ಕೂಡ ಇಲ್ಲ. ಲ್ಯಾಪ್‌ಟಾಪ್‌ನಲ್ಲೂ ಬ್ಯುಸಿಬಾಕ್ಸ್ ಹಾಕಿಕೊಂಡು ಅದರ ಶೆಲ್‌ನಲ್ಲೇ ಸ್ಕ್ರಿಪ್ಟ್ ಓಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಡೌನ್‌ಲೋಡ್ ಮಾಡಿದ ಪ್ರೋಗ್ರಾಂ ಬಹುಶಃ ಗ್ಲಿಬ್‌ಸಿ ಎಂಬ ಸಿ ಲೈಬ್ರರಿಗಾಗಿ ಕಟ್ಟಿದ್ದು, ನಿಮ್ಮ ಬೋರ್ಡ್‌ನಲ್ಲಿ ಅದರ ಬದಲು ಮಸಲ್ ಎಂಬ ಚಿಕ್ಕ ಲೈಬ್ರರಿ ಇದ್ದೀತು. ಆ ಪ್ರೋಗ್ರಾಂ ಶುರುವಾಗಲು ಕೇಳುವ ಲೋಡರ್ ಫೈಲ್ ಅಲ್ಲಿಲ್ಲ. ಇಂಥ ಬೋರ್ಡ್‌ಗಳಿಗೆ ಸಾಫ್ಟ್‌ವೇರ್ ಕಟ್ಟುವ ಬಿಲ್ಡ್‌ರೂಟ್ ಟೂಲ್‌ನಲ್ಲಿ ಮಸಲ್‌ಗಾಗಿಯೇ ಮತ್ತೆ ಕಟ್ಟುವುದೇ ನೇರ ದಾರಿ. ಕಟ್ಟಿದ ಮೇಲೆ ಥ್ರೆಡ್‌ಗಳು ಕುಸಿದರೆ ಆಶ್ಚರ್ಯಪಡಬೇಡಿ. ಮಸಲ್ ಪ್ರತಿ ಥ್ರೆಡ್‌ಗೆ ಕೊಡುವ ಸ್ಟ್ಯಾಕ್ ಬರಿ 128 ಕೆಬಿ, ಗ್ಲಿಬ್‌ಸಿಯಲ್ಲಿ ಸಾಮಾನ್ಯವಾಗಿ 8 ಎಂಬಿ.

ಪ್ರಶ್ನೆ: ಬೋರ್ಡ್‌ಗೆ ದೂರದಿಂದ ಲಾಗಿನ್ ಆಗಲು ಡ್ರಾಪ್‌ಬೇರ್ ಎಂಬ ಹಗುರ ಎಸ್‌ಎಸ್‌ಎಚ್ ಸರ್ವರ್ ಹಾಕಿದ್ದೇನೆ. ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಎಸ್‌ಸಿಪಿಯಲ್ಲಿ ಫೈಲ್ ಕಳಿಸಿದರೆ ಮಾತ್ರ ಎರರ್. ಹಗುರ ಅಂತ ಆರಿಸಿದ್ದೇ ತಪ್ಪಾಯಿತೇ?

ಉತ್ತರ: ತಪ್ಪೇನಿಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿರುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ, 2022ರ 9.0 ಆವೃತ್ತಿಯಿಂದ, ಎಸ್‌ಸಿಪಿ ಒಳಗೊಳಗೇ ಎಸ್‌ಎಫ್‌ಟಿಪಿ ಎಂಬ ಬೇರೆ ವಿಧಾನ ಬಳಸುತ್ತದೆ, ಡ್ರಾಪ್‌ಬೇರ್ ಜೊತೆ ಎಸ್‌ಎಫ್‌ಟಿಪಿ ಸರ್ವರ್ ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಸ್‌ಸಿಪಿ ಕಮಾಂಡ್‌ಗೆ ಅಡ್ಡಗೆರೆಯ ಜೊತೆ ದೊಡ್ಡಕ್ಷರದ ‘ಓ’ ಸೇರಿಸಿ, ಹಳೆಯ ರೀತಿಯಲ್ಲೇ ಹೋಗುತ್ತದೆ. ಸೊನ್ನೆ ಅಲ್ಲ, ಓ.